ಜಾಕೆಟ್ ಹಾಕು, ಜಾಕೆಟ್ ತೆಗಿ

ತೀರ್ಥಹಳ್ಳಿ ಕಡೆಯವರಿಗೆ ಮಳೆಯ ಬಗ್ಗೆ ಯಾರೂ ಪಾಠ ಹೇಳುವ ಹಾಗಿಲ್ಲ. ಅಪ್ಪ ಅಮ್ಮ ಮ್ಯಾಂಚೆಸ್ಟರ್‌ಗೆ ನಮ್ಮ ಮನೆಗೆ ಬಂದಿದ್ದರು. ಲೇಕ್ ಡಿಸ್ಟ್ರಿಕ್ಟ್ ಅನ್ನೋ ಬೆಟ್ಟ-ಸರೋವರಗಳ ಸೀಮೆಯಲ್ಲಿ ಕೆಸಿಕ್ ಅಂತ ಪುಟ್ಟ ಊರಿದೆ, ಹೋಗೋಣ, ಆದರೆ ಮಳೆ ಜಾಸ್ತಿ ಅಂದೆ.

"ಜಾಸ್ತಿ ಅಂದ್ರೆ ಎಷ್ಟು?" ಅಂದರು ಅಪ್ಪ.

ವರ್ಷಕ್ಕೆ ಸುಮಾರು 1,500 ಮಿ.ಮೀ. ಅಂದೆ. ಪಕ್ಕದ ಆಗುಂಬೆಯಲ್ಲಿ 7,000ಕ್ಕೂ ಮೇಲೆ ಸುರಿಯುವುದನ್ನು ನೋಡಿಕೊಂಡೇ ಬೆಳೆದವರು ಅವರು. "ಅಷ್ಟನ್ನ ನಮ್ಮಲ್ಲಿ ಜುಲೈ ಒಂದೇ ಮುಗಿಸುತ್ತೆ" ಅಂತ ನಕ್ಕುಬಿಟ್ಟರು. ಊರಿಂದ ತಂದಿದ್ದ ಬಾಗಿದ ಹಿಡಿಯ ಕರಿ ಕೊಡೆ ಎತ್ತಿಕೊಂಡರು. ಅಲ್ಲಿಗೆ ಅವರ ತಯಾರಿ ಮುಗಿಯಿತು.

ಕೆಸಿಕ್‌ನ ರೈಲು ನಿಲ್ದಾಣ 1972ರಲ್ಲೇ ಮುಚ್ಚಿದೆ. ಪೆನ್ರಿತ್‌ವರೆಗೆ ರೈಲು, ಆಮೇಲೆ ಬಸ್ಸು. ಇಳಿದಾಗ ಜೂನ್‌ನ ಚಂದದ ಬಿಸಿಲು. ಅಮ್ಮ ಸ್ವೆಟರ್ ತೆಗೆದಳು. ಮಡಚಿ ಚೀಲಕ್ಕೆ ಹಾಕುವಷ್ಟರಲ್ಲಿ ಹನಿ ಶುರು. ಸ್ವೆಟರ್ ಹಾಕಿ, ಮೇಲೆ ಮಳೆ ಜಾಕೆಟ್ ಏರಿಸಿದಳು. ಮತ್ತೆ ಬಿಸಿಲು.

ನಮ್ಮ ಮಲೆನಾಡಿನ ಮಳೆಗೆ ಒಂದು ಮಾತಿದೆ. ಹಿಡಿಯಿತು ಅಂದರೆ ಹಿಡಿಯಿತು. ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಟ್ಟುಕೊಂಡು ತಿನ್ನಬಹುದು. ಕೆಸಿಕ್‌ನದು ಕಂತಿನ ವ್ಯವಹಾರ. ಒಂದು ಕಂತು ಈಗ, ಇನ್ನೊಂದು ಕಾಫಿ ಹೊತ್ತಿಗೆ, ಮಧ್ಯೆ ಒಂದಿಷ್ಟು ಬಿಸಿಲಿನ ಬಡ್ಡಿ. ಮೊಬೈಲ್‌ನಲ್ಲಿ ಹವಾಮಾನ ನೋಡಿದರೆ ಒಂದೇ ಚಿತ್ರದಲ್ಲಿ ಸೂರ್ಯ, ಮೋಡ, ಎರಡು ಹನಿ ಎಲ್ಲ ಇದ್ದವು. ಏನೇ ಆದರೂ ಹವಾಮಾನದವರು ಹೇಳಿದ್ದೇ ಸರಿ!

ಡರ್ವೆಂಟ್‌ವಾಟರ್ ಸರೋವರದ ದಂಡೆಗೆ ಬಂದೆವು. ಅಪ್ಪ ಠೀವಿಯಿಂದ ಕೊಡೆ ಬಿಚ್ಚಿದರು. ಮಳೆ ಮೇಲಿಂದ ಬರಲಿಲ್ಲ, ಪಕ್ಕದಿಂದ ಬಂತು. ಕೊಡೆಯನ್ನು ಗುರಾಣಿ ಥರ ಅಡ್ಡ ಹಿಡಿದರು. ಗಾಳಿ ಆ ಕಡೆಯಿಂದ ನುಗ್ಗಿ ಅದನ್ನು ಮಗುಚಿ ಹಾಕಿತು. ಇತ್ತ ದೋಣಿ ಹತ್ತುವ ಗಡಿಬಿಡಿಯಲ್ಲಿ ಅಮ್ಮನ ಸೆರಗು ಜಾಕೆಟ್ಟಿನ ಜಿಪ್‌ಗೆ ಸಿಕ್ಕಿಕೊಂಡಿತು. ಜಿಪ್ ಮೇಲೂ ಹೋಗದು, ಕೆಳಗೂ ಬಾರದು. "ಹರೀಬೇಡ್ವೋ, ಮೈಸೂರು ಸಿಲ್ಕು!" ಅಂತ ಅಮ್ಮ. ಮಳೆಗೆ ಸಿಲ್ಕ್ ಉಟ್ಟು ಬಾ ಅಂದವರು ಯಾರು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ನಾನು ಮಂಡಿಯೂರಿ ಒಂದೊಂದೇ ಹಲ್ಲು ಬಿಡಿಸುತ್ತಿದ್ದರೆ ದೋಣಿ ಹೊರಟೇ ಹೋಯಿತು. ಸೆರಗು ಬಿಟ್ಟ ಕ್ಷಣ ಬಿಸಿಲು ಬಂತು, ಅಮ್ಮ ಜಾಕೆಟ್ ತೆಗೆದಳು. ಚಡ್ಡಿ ಹಾಕಿಕೊಂಡು ನಾಯಿ ಜೊತೆ ಹೋಗುತ್ತಿದ್ದ ಅಜ್ಜ ಒಬ್ಬರು ತೊಪ್ಪೆಯಾದ ನಮ್ಮನ್ನು ನೋಡಿ "ಸ್ವಲ್ಪ ಥಂಡಿ, ಅಲ್ವಾ?" ಅನ್ನೋ ಧಾಟಿಯಲ್ಲಿ ಏನೋ ಅಂದು ಮುಂದೆ ಹೋದರು.

ಊರಿನ ಪೇಟೆಯಲ್ಲಿ ಎಲ್ಲಿ ನೋಡಿದರೂ ಜಾಕೆಟ್ ಅಂಗಡಿ. ಅಪ್ಪ ಬೆಲೆಚೀಟಿ ತಿರುಗಿಸಿ, ಪೌಂಡನ್ನು ರೂಪಾಯಿ ಮಾಡಿ, ಚೀಟಿ ವಾಪಸ್ ಬಿಟ್ಟರು. ಹೊರಗೆ ಗುಡ್ಡದ ಮೇಲೆ ಹರ್ಡ್‌ವಿಕ್ ಕುರಿಗಳು ಬೂದಿ ಬಣ್ಣದ ಒರಟು ಉಣ್ಣೆ ಹೊದ್ದು, ಮಳೆಯಲ್ಲೇ ಮೇಯುತ್ತಿದ್ದವು. "ನೋಡು, ನಮ್ಮ ಕಂಬಳಿ ಕೊಪ್ಪೆ ಸಾಕಿತ್ತು" ಅಂದರು.

ಅಪ್ಪನಿಗೆ ಸಮಾಧಾನ ಸಿಕ್ಕಿದ್ದು ಬಾರೋಡೇಲ್ ಕಣಿವೆಯ ತುದಿಯ ಸೀತ್‌ವೇಟ್ ಹಳ್ಳಿಯ ವಿಷಯ ಕೇಳಿದ ಮೇಲೆ. ಕೆಸಿಕ್‌ಗೆ ಹತ್ತಿರವೇ. ಆದರೂ ಅಲ್ಲಿ ಕೆಸಿಕ್‌ನ ಎರಡು ಪಟ್ಟು ಮಳೆ, 3,000 ಮಿ.ಮೀ.ಗೂ ಜಾಸ್ತಿ. ಇಂಗ್ಲೆಂಡ್‌ನಲ್ಲಿ ಜನವಸತಿ ಇರುವ ಜಾಗಗಳಲ್ಲಿ ಅತಿ ಹೆಚ್ಚು. ಅಟ್ಲಾಂಟಿಕ್‌ನಿಂದ ಬರುವ ನೈಋತ್ಯ ಗಾಳಿ ಬೆಟ್ಟಕ್ಕೆ ಬಡಿದು, ಮೇಲೇರಿ, ತಣಿದು ಅಲ್ಲೇ ನೀರು ಇಳಿಸುತ್ತದೆ. ಕೆಸಿಕ್‌ಗೆ ಉಳಿದದ್ದು. "ಅರೆ, ನಮ್ಮ ಘಟ್ಟದ ಲೆಕ್ಕವೇ!" ಅಂತ ಖುಷಿಯಾದರು. 2015ರ ಡಿಸೆಂಬರ್ 5ರ ಕಥೆಯನ್ನೂ ಹೇಳಿದೆ. ಹತ್ತಿರದ ಹೊನಿಸ್ಟರ್ ಪಾಸ್‌ನಲ್ಲಿ 24 ಗಂಟೆಯಲ್ಲಿ 341.4 ಮಿ.ಮೀ. ಬಿದ್ದು ಬ್ರಿಟನ್ನಿನ ದಾಖಲೆಯಾಯಿತು, ಕೆಸಿಕ್ ಊರೊಳಗೇ ನದಿ ನುಗ್ಗಿತು. ಆಮೇಲೆ ಅಪ್ಪ ಜುಲೈ ಲೆಕ್ಕ ಎತ್ತಲಿಲ್ಲ.

ಅಮ್ಮನ ತಕರಾರೇ ಬೇರೆ. ರಾತ್ರಿ 9.30 ಆದರೂ ಬೆಳಕು. "ದೀಪ ಹಚ್ಚೋದು ಯಾವಾಗ, ಊಟ ಮಾಡೋದು ಯಾವಾಗ?" ಕೋಣೆಯ ಕುರ್ಚಿ, ಬಾಗಿಲು, ದೀಪದ ಕಂಬ ಎಲ್ಲದರ ಮೇಲೂ ನಮ್ಮ ಕಾಲುಚೀಲ ಒಣಗುತ್ತಿದ್ದವು. ಅಂದರೆ, ಒಣಗದೇ ನೇತಾಡುತ್ತಿದ್ದವು.

ಊಟದ ಹೊತ್ತಿಗೆ ಇನ್ನೊಂದು ಸಂಗತಿ ಹೇಳಿದೆ. ಹೆಲ್ವೆಲಿನ್ ಅಂತ 950 ಮೀಟರ್ ಬೆಟ್ಟ ಇದೆ. ಚಳಿಗಾಲದಲ್ಲಿ ದಿನಾ ಒಬ್ಬರು ಅದನ್ನು ಹತ್ತಿ ಹಿಮ ಎಷ್ಟಿದೆ, ಗಾಳಿ ಹೇಗಿದೆ ಅಂತ ನೋಡಿ ಬಂದು ವರದಿ ಕೊಡಬೇಕು. ಅದು ಸಂಬಳದ ಕೆಲಸ.

ಅಪ್ಪ ತುತ್ತು ಬಿಟ್ಟರು. "ನಲವತ್ತು ವರ್ಷ ಜಗಲಿ ಮೇಲೆ ಕೂತು ಮಳೆ ನೋಡಿದ್ದೀನಿ, ಒಂದು ರೂಪಾಯಿ ಕೊಟ್ಟವರಿಲ್ಲ!"

"ಅವರು ಹತ್ತಿ ಇಳೀತಾರಂತೆ" ಅಂದಳು ಅಮ್ಮ. "ನೀವು ಮೊದಲು ಆ ಕಾಲುಚೀಲ ತಿರುವಿ ಹಾಕಿ."