ಕೋಲಿಗೂ ಮರಕ್ಕೂ ನಡುವೆ ಒಂದು ಕಾಫಿ

ಪೆರ್ಲದ ಹತ್ತಿರದ ನಮ್ಮ ಮನೆಯ ಅಂಗಳದಾಚೆ, ಸಿಡಿಲು ಬಡಿದು ಮಂಡೆ ಹೋದ ತೆಂಗೊಂದು ನಿಂತಿತ್ತು. ಬಡಗು ದಿಕ್ಕಿಗೆ ಕರೆಂಟಿನ ಲೈನು, ತೆಂಕಿಗೆ ಮನೆ, ಪಡುವಿಗೆ ನೆರೆಯವರ ಅಡಕೆ ತೋಟ. ಬೀಳಿಸುವುದಿದ್ದರೆ ಮೂಡಿಗೇ. ಅಲ್ಲಿ 14 ಮೀಟರು ದೂರಕ್ಕೆ ನಮ್ಮ ದನದ ಹಟ್ಟಿ.

"ಹಟ್ಟಿಗೆ ತಾಗುತ್ತದೋ ಏನೋ" ಎಂದ ಮರ ಕಡಿಯುವವ.

"ನಾಳೆ ಬಾ, ಹತ್ತದೆಯೇ ಎತ್ತರ ಹೇಳುತ್ತೇನೆ" ಎಂದೆ. ಮೂವತ್ತು ವರ್ಷ ಹತ್ತನೇ ಕ್ಲಾಸಿಗೆ ಸಮರೂಪ ತ್ರಿಭುಜ ಕಲಿಸಿದವನು ನಾನು. ಒಂದು ಮೀಟರಿನ ಕೋಲು ಊರಬೇಕು. ಕೋಲಿಗೂ ಅದರ ನೆರಳಿಗೂ ಏನು ಲೆಕ್ಕವೋ, ಮರಕ್ಕೂ ಅದರ ನೆರಳಿಗೂ ಅದೇ ಲೆಕ್ಕ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದ ಕೊನೆಯ ಅಧ್ಯಾಯವನ್ನೇ ನೆರಳಿಗೆ ಬಿಟ್ಟುಕೊಟ್ಟಿದ್ದಾನೆ. ಇದನ್ನೂ ಅವನಿಗೆ ಹೇಳಿದೆ. ಎಲೆಯಡಕೆ ಜಗಿಯುತ್ತಾ ಕೇಳಿದ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಕೋಲು ಊರಿದೆ. ನೆರಳೇ ಇಲ್ಲ! ವಿಷು ಕಳೆದು ಹತ್ತು ದಿನ; ಕಾಸರಗೋಡಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ಹೊತ್ತನ್ನೇ ಹುಡುಕಿ ತೆಗೆದಿದ್ದೆ. ಕೋಲು ತನ್ನ ನೆರಳನ್ನು ತಾನೇ ನುಂಗಿ ನಿಂತಿತ್ತು. ಸೊನ್ನೆಯಿಂದ ಭಾಗಿಸಬಾರದೆಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ.

ಊಟ ಮುಗಿಸಿ ಮೂರಕ್ಕೆ ಮತ್ತೆ ಇಳಿದೆ. ಮರದ ನೆರಳು 11.8 ಮೀಟರು. ಕೋಲಿನದ್ದು ಅಳೆಯಬೇಕು ಅನ್ನುವಾಗ ಒಳಗಿನಿಂದ "ಕಾಫಿ ತಣಿಯುತ್ತದೆ" ಎಂದು ಕರೆ. ಕಾಫಿಯ ಜೊತೆ ಹಲಸಿನ ಹಪ್ಪಳವೂ ಇತ್ತು, ಏಳಲು ಮನಸ್ಸು ಬರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದು ಕೋಲಿನ ನೆರಳು ಅಳೆದರೆ 1.09. ಭಾಗಿಸಿದೆ.

"ಹತ್ತು ಮುಕ್ಕಾಲು ಮೀಟರು ಚಿಲ್ಲರೆ. ಹಟ್ಟಿಗೆ ಏನೂ ಆಗುವುದಿಲ್ಲ, ಕಡಿ."

ಅವನು ಮಾತಾಡಲಿಲ್ಲ, ಹಟ್ಟಿಯ ಮಾಡಿನತ್ತ ಗಲ್ಲ ಎತ್ತಿದ. ನಾನು ಹಪ್ಪಳ ಮುರಿಯುತ್ತಿದ್ದಾಗ ತೆಂಗಿನ ನೆರಳು ಮೆಲ್ಲಗೆ ಉದ್ದವಾಗಿ ಹಂಚು ಹತ್ತಿ ಕೂತಿತ್ತು. ಮರದ ನೆರಳು ಮೂರು ಗಂಟೆಯದ್ದು, ಕೋಲಿನದ್ದು ಮುಕ್ಕಾಲು ಗಂಟೆ ಆಮೇಲಿನದ್ದು. ಎರಡು ಬೇರೆ ಸೂರ್ಯರನ್ನು ಒಂದೇ ಲೆಕ್ಕಕ್ಕೆ ಕಟ್ಟಿದ್ದೆ.

ಅವನೊಂದು ಕಡ್ಡಿ ಮುರಿದ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟೋ ಅಷ್ಟೇ ಉದ್ದ. ಅದನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬುಡಕ್ಕೆ ಬುಡ, ತುದಿಗೆ ತುದಿ ಸರಿಹೋಗುವವರೆಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟ. ಅವನು ನಿಂತಲ್ಲಿಗೇ ಮರದ ತುದಿ ಬೀಳುತ್ತದಂತೆ. ಇದೂ ನನ್ನ ತ್ರಿಭುಜವೇ, ಸೂರ್ಯನ ಹಂಗಿಲ್ಲದ್ದು!

ಬೆನ್ನು ಹಟ್ಟಿಯ ಗೋಡೆಗೆ ತಾಗಿತು. ನಮ್ಮ ದನ ಕತ್ತು ಚಾಚಿ ಅವನ ಅಂಗಿ ನೆಕ್ಕತೊಡಗಿತು.

"ತುದಿ ಇನ್ನೂ ಕಡ್ಡಿಯ ಮೇಲೆ ಕಾಣುತ್ತದೆ ಮಾಷ್ಟ್ರೇ" ಎಂದ. "ಇನ್ನೊಂದೆರಡು ಮೀಟರು ಹಿಂದೆ ಹೋಗಬೇಕು. ದನವನ್ನು ಬಿಚ್ಚುತ್ತೀರಾ?"