ಗ್ರಂಥಾಲಯ ಕೈಬಿಟ್ಟ ಪುಸ್ತಕವನ್ನು ಎಲ್ಲರಿಗೂ ತೆರೆದಿಡಬಹುದೇ?

ಪರ

ಗ್ರಂಥಾಲಯಗಳು ರದ್ದುಮಾಡಿ ಗುಜರಿಗೆ ಹಾಕುವ ಹಳೆಯ ಕನ್ನಡ ಪುಸ್ತಕಗಳನ್ನು, ಹಕ್ಕುದಾರರು ಪತ್ತೆಯಾಗದಿದ್ದರೂ, ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ತೆರೆದಿಡಬೇಕು. ಹೆಸರಾಂತ ಕಾದಂಬರಿಗಳು ಹೇಗೂ ಮರುಮುದ್ರಣವಾಗುತ್ತವೆ. ಹೊರಬೀಳುವುದು ಸಹಕಾರ ಸಂಘದ ಸ್ಮರಣ ಸಂಚಿಕೆ, ನಾಟಕ ಕಂಪನಿಯ ಹಾಡಿನ ಪುಸ್ತಕ, ಬಳಕೆ ತಪ್ಪಿದ ಶಾಲಾಪಠ್ಯ, ಊರಿನ ಮೇಷ್ಟ್ರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಸ್ಥಳಪುರಾಣ. ಒಂದು ತಾಲ್ಲೂಕಿನ ಶಿಕ್ಷಣದ ಅಥವಾ ರಂಗಭೂಮಿಯ ಚರಿತ್ರೆ ಬರೆಯುವವರಿಗೆ ಇವೇ ಮೂಲ ಆಕರ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುವುದರಿಂದ, ಪುಟ ಮಗುಚಿದರೆ ಸಾಕು, ಕಂದುಗಟ್ಟಿದ ಅಂಚು ಮುರಿದು ಉದುರುತ್ತದೆ. ಹಕ್ಕಿನ ಅವಧಿ ಮುಗಿಯುವವರೆಗೆ ಅದು ಬಾಳುವುದಿಲ್ಲ.

ನಮ್ಮ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 1963ರಲ್ಲಿ ನಿಧನರಾದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಬರಹಗಳು ಮುಕ್ತವಾದದ್ದು 2024ರ ಆರಂಭದಲ್ಲಿ. ಪೈಗಳ ನಿಧನದ ವರ್ಷ ದಾಖಲೆಯಲ್ಲಿದೆ. ಆ ಮೇಷ್ಟ್ರು ಯಾವಾಗ ತೀರಿಕೊಂಡರೆಂದು ಯಾರನ್ನು ಕೇಳುವುದು? ಇಂಥ ಕೃತಿಗಳಿಗೆ ಪರವಾನಗಿ ಪಡೆಯಲು 31ಎ ಕಲಮು ಇದೆ ನಿಜ, ಆದರೆ ಅದಕ್ಕಾಗಿ ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ತೆಳ್ಳಗಿನ ಒಂದು ಪುಸ್ತಿಕೆಗಾಗಿ ಯಾವ ಸಂಶೋಧನಾ ವಿದ್ಯಾರ್ಥಿ ಆ ಖರ್ಚು ಹೊರಬಲ್ಲರು?

ವಿರೋಧ

ಪುಸ್ತಕ ಉಳಿಯಬೇಕೆಂಬುದರಲ್ಲಿ ತಕರಾರಿಲ್ಲ, ಮತ್ತು 31ಎ ಕಲಮಿನ ದಾರಿ ಬಡ ಸಂಶೋಧಕರಿಗೆ ಎಟುಕದೆಂಬ ಮಾತನ್ನು ಒಪ್ಪಲೇಬೇಕು. ಆದರೆ ಉಳಿಸುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ತನ್ನಲ್ಲಿ ಮುದ್ರಿತ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಗ್ರಂಥಾಲಯ ಕೈಬಿಟ್ಟದ್ದು ಒಂದು ಪ್ರತಿಯನ್ನು. ಲೇಖಕರ ಮನೆಯವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ವಿಳಾಸ ಸಿಗಲಿಲ್ಲ ಎನ್ನುವವರು ಪುಸ್ತಕದಲ್ಲೇ ಅಚ್ಚಾಗಿರುವ ಊರಿಗೆ ಒಂದು ಕಾಗದವನ್ನಾದರೂ ಬರೆದಿರಬೇಕು.

ಸ್ಕ್ಯಾನ್ ಇದೆಯೆಂಬ ಧೈರ್ಯದಲ್ಲಿ ಮೂಲ ಪ್ರತಿಯನ್ನೇ ಕಳೆದುಕೊಳ್ಳುತ್ತೇವೆಂಬುದು ಇನ್ನೂ ದೊಡ್ಡ ಆತಂಕ. ಅವಸರದ ಸ್ಕ್ಯಾನ್‌ಗಳಲ್ಲಿ ಮಡಚಿದ ನಕ್ಷೆಯನ್ನು ಬಿಚ್ಚಿರುವುದಿಲ್ಲ, ಬೈಂಡಿನ ಬದಿಯ ಅಕ್ಷರಗಳು ಅರ್ಧ ನುಂಗಿಹೋಗಿರುತ್ತವೆ, ಬೆಲೆ ಮತ್ತು ಮುದ್ರಣಾಲಯದ ಹೆಸರಿರುವ ಹಿಂಬದಿಯ ರಕ್ಷಾಪುಟ ಇರುವುದೇ ಇಲ್ಲ. ಅಂಥ ಕಡತವೊಂದೇ ಉಳಿದರೆ ಮುಂದಿನ ಸಂಶೋಧಕರು ತಾಳೆ ನೋಡುವುದು ಯಾವುದರೊಂದಿಗೆ? ಗ್ರಂಥಾಲಯಗಳು ವಿಲೇವಾರಿಗೆ ಮುನ್ನ ರದ್ದುಪಟ್ಟಿಯನ್ನು ಪ್ರಕಟಿಸಲಿ. ಬೇಕೆಂದು ಕೇಳುವ ವಿಶ್ವವಿದ್ಯಾಲಯವೋ ಸಂಘವೋ ಆ ಪ್ರತಿಗಳನ್ನು ಪಡೆದು, ಬಂದವರಿಗೆ ಅಲ್ಲಿಯೇ ಓದಲು ಕೊಡಲಿ. ಇದಕ್ಕೆ ಯಾರ ಹಕ್ಕನ್ನೂ ಮೀರಬೇಕಾಗಿಲ್ಲ.