ಆ ಚರ್ಮ ಎಳೆಯಬೇಡಿ

ಈಗಷ್ಟೇ ತಂಗಿ ಮನೆಯಿಂದ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಅವಳದು ಐದು ತಿಂಗಳ ಗಂಡುಮಗು. ನೀರು ಹಾಕುವ ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಕೈಯಲ್ಲೇ ಉಚ್ಚೆ ಮಾಡುವ ಜಾಗದ ಮುಂದೊಗಲನ್ನು ಹಿಂದಕ್ಕೆ ಎಳೆದರು. "ದಿನಾ ಎಳೀಬೇಕಮ್ಮ, ಇಲ್ಲಾಂದ್ರೆ ಒಳಗೆ ಗಲೀಜು ಕೂರುತ್ತೆ" ಅಂದರು. ಮಗು ಕಿರುಚಿದ್ದು ಹಸಿವಿನ ಅಳುವಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ರಕ್ತ.

ಎಳೆಯಬೇಡಿ. ಹುಟ್ಟಿದ ಮಗುವಿಗೆ ಆ ಚರ್ಮ ಒಳಗೆ ಅಂಟಿಕೊಂಡೇ ಇರುತ್ತದೆ, ಅದು ರೋಗ ಅಲ್ಲ. ಕೆಲವರಿಗೆ ಎರಡು ಮೂರು ವರ್ಷಕ್ಕೆ ಬಿಡುತ್ತದೆ, ಕೆಲವರಿಗೆ ಹತ್ತು ದಾಟಬೇಕು. ಬಲವಂತ ಮಾಡಿದರೆ ಹರಿದು, ಗಾಯ ಮಾಗಿ, ಕಲೆಗಟ್ಟಿ ನಿಜವಾಗಲೂ ಬಿಗಿಯಾಗುತ್ತದೆ.

ನಮ್ಮ ಚಿಕ್ಕವನಿಗೆ ಆಪರೇಷನ್ ಆಗಿದ್ದು ನಿಮಗೆಲ್ಲ ಗೊತ್ತು. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ. ಎಳೆದವಳು ನಾನೇ. ಹಿರಿಯರು ಹೇಳಿದರು ಅಂತ ತಿಂಗಳುಗಟ್ಟಲೆ, ದಿನಾ.

ತಂಗಿ ಗಂಡ ಕೇಳಿದರು, "ಹಾಗಾದ್ರೆ ಸುನ್ನತಿನೇ ಮಾಡಿಸಿದ್ರೆ ಆಗಲ್ವಾ ಅಕ್ಕಾ? ಯೂರಿನ್ ಇನ್ಫೆಕ್ಷನ್ ಬರಲ್ವಂತಲ್ಲ." ಮಾಡಿಸಿದರೆ ಬರುವುದು ತುಂಬಾ ಕಡಿಮೆ, ಅದು ನಿಜ. ಆದರೆ ಆರೋಗ್ಯವಾಗಿರುವ ಗಂಡುಮಕ್ಕಳಲ್ಲಿ ಅದು ಬರುವುದೇ ನೂರಕ್ಕೆ ಒಬ್ಬರಿಗೆ. 2005ರಲ್ಲಿ ಸಿಡ್ನಿಯ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದರು: ಒಂದು ಸೋಂಕು ತಪ್ಪಿಸಲು 111 ಮಕ್ಕಳಿಗೆ ಸುನ್ನತಿ ಮಾಡಬೇಕು. ಅದರಲ್ಲೂ ರಕ್ತ ಹೋಗುವುದು, ಗಾಯ ಕೀವಾಗುವುದು ಇದ್ದೇ ಇದೆ. ಪದೇ ಪದೇ ಸೋಂಕು ಬರುವ ಮಕ್ಕಳಲ್ಲಿ ಮಾತ್ರ ಆ 111 ಹನ್ನೊಂದಕ್ಕೆ ಇಳಿಯುತ್ತದೆ. ಉಚ್ಚೆ ಕಿಡ್ನಿಯ ಕಡೆಗೆ ಜಾಸ್ತಿ ವಾಪಸ್ ಹರಿಯುವವರಲ್ಲಿ ನಾಲ್ಕಕ್ಕೆ. ಅಂಥ ಮಗುವಿಗೆ ಡಾಕ್ಟರ್ ಹೇಳಿದರೆ ಖಂಡಿತ ಯೋಚನೆ ಮಾಡಿ. ಧರ್ಮಕ್ಕಾಗಿ ಮಾಡಿಸುವವರ ವಿಷಯ ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸುಮ್ನೆ ಭಯಕ್ಕೆ ಯಾಕೆ?

ಭಯ ಪಡಬೇಕಾದ್ದು ಜ್ವರಕ್ಕೆ. ನೆಗಡಿ ಕೆಮ್ಮು ಇಲ್ಲದೆ ಕೂಸಿಗೆ ಜ್ವರ ಬಂದರೆ ಹಲ್ಲು ಬರ್ತಿದೆ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ, ಯೂರಿನ್ ಕಲ್ಚರ್, ಅಂದ್ರೆ ಉಚ್ಚೆಯಲ್ಲಿ ಸೋಂಕು ಇದೆಯಾ ಅಂತ ನೋಡುವ ಪರೀಕ್ಷೆ, ಬೇಕಾ ಅಂತ ನೀವೇ ಕೇಳಿ. ಉಚ್ಚೆ ಸಣ್ಣ ಧಾರೆಯಾಗಿ, ಹನಿಹನಿಯಾಗಿ ಬರುತ್ತಿದ್ದರೂ ತೋರಿಸಿ. ಸ್ನಾನಕ್ಕೆ ಹೊರಗಿನಿಂದ ಬೆಚ್ಚಗಿನ ನೀರು ಸಾಕು.

ಅಜ್ಜಿಯ ಮೇಲೆ ನನಗೆ ಕೋಪ ಇಲ್ಲ, ನನಗೂ ಹಾಗೇ ಹೇಳಿಕೊಟ್ಟಿದ್ದರು. ನಾಳೆ ಬೆಳಿಗ್ಗೆ ಬೇಗ ಹೋಗಿ ಅವರ ಪಕ್ಕ ಕೂತು ನಾನೇ ಮಗುವಿಗೆ ನೀರು ಹಾಕುತ್ತೇನೆ.